ಒಣಮರದ ರೇಟು

ಕ್ರೇಗ್ ಹೊಸ್ಕಿಂಗ್‌ಗೆ ಮರ ಕಡಿಯುವುದು ಚೆನ್ನಾಗಿ ಗೊತ್ತಿತ್ತು; ಕಡಿಯಲು ಎಷ್ಟು ಕೇಳಬೇಕು ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಹದಿನೆಂಟು ತುಂಬಿದಾಗಿನಿಂದ ಮೆಲ್ಬರ್ನಿನಾಚೆಯ ಗಿಪ್ಸ್‌ಲ್ಯಾಂಡಿನ ಕಾಡಿನಲ್ಲಿ ದುಡಿದವನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಕಾಡಿನಲ್ಲಿ ಮರವೇ ದುಡ್ಡು. ಬುಡಕ್ಕೆ ಗರಗಸ ಹಾಕಿ ಉರುಳಿಸಿದರಾಯಿತು, ಮಿಲ್ಲಿನವರು ದಿಮ್ಮಿ ಅಳೆದು ದುಡ್ಡು ಕೊಟ್ಟುಬಿಡುತ್ತಿದ್ದರು. ಸರ್ಕಾರ ಕಾಡು ಕಡಿಯುವುದನ್ನೇ ನಿಲ್ಲಿಸಿದ ವರ್ಷ ಅವನ ಊರಾದ ಕಾರ್ಲಿಂಗ್ ಫ್ಲಾಟಿನ ಮಿಲ್ಲಿಗೆ ಬೀಗ ಬಿತ್ತು. ಕೈಗೆ ಬಂದ ಪರಿಹಾರಕ್ಕೆ ಒಂದಿಷ್ಟು ಸಾಲ ಸೇರಿಸಿ ಕ್ರೇಗ್ ಒಂದು ಹಳೆಯ ಟ್ರಕ್ಕನ್ನೂ ಕೊಂಬೆ ಪುಡಿಮಾಡುವ ಯಂತ್ರವನ್ನೂ ಕೊಂಡ, ಹಗ್ಗ ಕಟ್ಟಿ ಮರ ಹತ್ತುವ ತರಬೇತಿ ಮುಗಿಸಿ ಸರ್ಟಿಫಿಕೇಟು ತಂದ. ಊರವರ ಹಿತ್ತಿಲುಗಳಲ್ಲಿ ಮನೆಯ ಮೇಲೆ ಬಾಗಿದ ಮರಗಳನ್ನು ಇಳಿಸುವ ಕೆಲಸಕ್ಕೆ ನಿಂತ.

ಹೆಂಡತಿ ಜನೀನ್ ವೃದ್ಧಾಶ್ರಮದ ಅಡಿಗೆಮನೆಯಲ್ಲಿ ಬೆಳಗಿನ ಪಾಳಿ ಮುಗಿಸಿ ಬಂದು ಫೋನು ನೋಡಿಕೊಳ್ಳುತ್ತಿದ್ದಳು. ಕೆಲಸವೇನೋ ಬರುತ್ತಿತ್ತು. ಬಂದ ಕೆಲಸವೆಲ್ಲ ಕೈ ಕಚ್ಚುತ್ತಿತ್ತು. ಕ್ರೇಗ್ ಬೇಲಿಯ ಹತ್ತಿರ ನಿಂತು ಮರದ ಬುಡವನ್ನೊಮ್ಮೆ ತೋಳಿನಿಂದ ಅಪ್ಪಿ ನೋಡುವನು, ರೇಟು ಹೇಳಿಬಿಡುವನು. ಕಾಡಿನವರೆಲ್ಲ ಮಾಡುವ ತಪ್ಪೇ ಅದು. ಕಾಡಿನಲ್ಲಿ ಬೆಲೆಯೆಲ್ಲ ಬುಡದಲ್ಲಿದ್ದರೆ ಊರಿನಲ್ಲಿ ಕಷ್ಟವೆಲ್ಲ ಮರದ ತಲೆಯಲ್ಲಿ. ಅಲ್ಲಿ ತಲೆ ಬಿದ್ದಲ್ಲೇ ಬಿಟ್ಟು ಬರಬಹುದು. ಇಲ್ಲಿ ಒಂದೊಂದು ಕೊಂಬೆಯನ್ನೂ ಹಗ್ಗ ಕಟ್ಟಿ ಇಳಿಸಬೇಕು, ಯಾರದೋ ಗುಲಾಬಿ ಗಿಡ ಕಾಪಾಡಬೇಕು, ಪುಡಿಯನ್ನು ದುಡ್ಡು ತೆತ್ತು ಸುರಿದು ಬರಬೇಕು, ಕೊನೆಗೆ ಅಂಗಳ ಗುಡಿಸಬೇಕು. ಎರಡು ದಿನದ ಕೆಲಸಕ್ಕೆ ಅರ್ಧ ದಿನದ ರೇಟು ಹೇಳಿ ಬಂದು, ಮೂರನೆಯ ದಿನವೂ ಕಸಬರಿಗೆ ಹಿಡಿದು ನಿಂತ ಗಂಡನನ್ನು ಕಂಡು ಜನೀನ್‌ಗೆ ಒಮ್ಮೊಮ್ಮೆ ನಗು ಬರುತ್ತಿತ್ತು. ಕರೆಂಟಿನ ಬಿಲ್ಲು ಬಂದ ದಿನ ಬರುತ್ತಿರಲಿಲ್ಲ.

ಮಾವ ಮರ್ವ್ ಹಿತ್ತಿಲಿನ ಕೋಣೆಯಲ್ಲಿದ್ದ. ಎಪ್ಪತ್ತಾರು ವಯಸ್ಸು, ಒಂದು ಕಿವಿ ಗರಗಸದ ಸದ್ದಿಗೆ ಬಲಿಯಾಗಿತ್ತು. ಅವನ ಪ್ರಕಾರ ರೇಟು ಎಂದರೆ ಬಾಯಲ್ಲಿ ಹೇಳಿ ಕೈ ಕುಲುಕುವುದು. ಒಮ್ಮೆ ಕುಲುಕಿದರೆ ನಷ್ಟವಾದರೂ ಅದೇ, ಸತ್ತರೂ ಅದೇ. ಹೊಸ್ಕಿಂಗ್ ಮನೆಯವರು ಹೇಳಿದ ರೇಟು ಬದಲಾಯಿಸಿದ್ದನ್ನು ಈ ಕಣಿವೆಯಲ್ಲಿ ಯಾರೂ ಕಂಡಿಲ್ಲ ಎಂದು ವಾರಕ್ಕೊಮ್ಮೆಯಾದರೂ ಊಟದ ಮೇಜಿನಲ್ಲಿ ಹೇಳುತ್ತಿದ್ದ. ಮೊಮ್ಮಗಳು ಟೀಗನ್, ಬೇಕರಿಯಲ್ಲಿ ಕೆಲಸಕ್ಕಿದ್ದ ಹುಡುಗಿ, ಅವನು ಬಾಯಿ ತೆರೆಯುವ ಮೊದಲೇ ಆ ಮಾತನ್ನು ಅವನ ಧಾಟಿಯಲ್ಲೇ ಹೇಳಿ ಮುಗಿಸುತ್ತಿದ್ದಳು. ಮರ್ವ್‌ಗೆ ಅದರಿಂದ ಖುಷಿಯೇ ಆಗುತ್ತಿತ್ತು.

ಜುಲೈ ಕೊನೆಯ ಒಂದು ಸಂಜೆ ಕ್ರೇಗ್ ಬಹಳ ಹುರುಪಿನಲ್ಲಿ ಮನೆಗೆ ಬಂದ. ಅಂದು ಮೇಜಿನ ಮೇಲೆ ಸಾಸೇಜು, ಆಲೂಗಡ್ಡೆ, ಬಟಾಣಿ. ತೊರೆಯಾಚೆಯ ದಿಣ್ಣೆಯಲ್ಲಿ ಮನೆ ಕೊಂಡಿದ್ದ ಡೆನ್‌ಹ್ಯಾಮ್, ಮೆಲ್ಬರ್ನಿನ ನಿವೃತ್ತ ಹಲ್ಲಿನ ಡಾಕ್ಟರು, ಅಂಗಳದ ದೊಡ್ಡ ನೀಲಗಿರಿ ಮರ ತೆಗೆಸುತ್ತಾನಂತೆ. ಸಾವಿರದ ಒಂಬೈನೂರು ಡಾಲರಿಗೆ ಮಾತಾಯಿತು, ಕೈಯನ್ನೂ ಕುಲುಕಿದ್ದಾಯಿತು ಎಂದ.

ಜನೀನ್‌ಗೆ ಆ ಮರ ಕಣ್ಣಿಗೆ ಕಟ್ಟಿತು. ಪಾಳಿಗೆ ಹೋಗುವಾಗ ದಿನಾ ಕಾಣುವ ಮರ. ಅದರಲ್ಲಿ ಒಂದು ಎಲೆಯೂ ಇರಲಿಲ್ಲ.

"ಅದು ಸತ್ತಿರೋ ಮರ ಅಲ್ವಾ?" ಎಂದಳು.

"ಸತ್ರೇನು, ಹಗುರ ಇರುತ್ತೆ. ಎಲೆ ಇಲ್ಲ, ಕಸ ಕಮ್ಮಿ," ಎಂದ ಕ್ರೇಗ್.

ಮರ್ವ್ ಫೋರ್ಕು ಕೆಳಗಿಟ್ಟ. ಸರಿಯಾಗಿ ಕೇಳುವ ಕಿವಿಯನ್ನು ಮಗನ ಕಡೆ ತಿರುಗಿಸಿ, ಎಷ್ಟು ವರ್ಷವಾಯಿತು ಸತ್ತು ಎಂದು ಕೇಳಿದ. ಮೂರಿರಬಹುದು ಎಂದು ಕ್ರೇಗ್ ಹೇಳಿದ. ಬುಡದಿಂದ ಉರುಳಿಸಲು ಜಾಗ ಇದೆಯೇ? ಇಲ್ಲ; ಒಂದು ಕಡೆ ಮನೆ, ಒಂದು ಕಡೆ ಕರೆಂಟಿನ ತಂತಿ, ಇನ್ನೊಂದು ಕಡೆ ಪಕ್ಕದವರ ಶೆಡ್ಡು. ಹಾಗಾದರೆ ಹತ್ತಲೇಬೇಕು. ಹೌದು, ಹತ್ತಲೇಬೇಕು.

"ಒಣಮರ ಹತ್ತಬಾರದು," ಎಂದ ಮರ್ವ್. "ನಿಂಗೆ ನಡೆಯೋಕೆ ಬರೋ ಮೊದಲೇ ಹೇಳಿಕೊಟ್ಟಿದ್ದೀನಿ ಅದನ್ನ."

"ಕಾಡಲ್ಲಿ ಹತ್ತಬಾರದು ಅಪ್ಪ. ಕಾಡಲ್ಲಿ ಬಿಟ್ಟು ಮುಂದಕ್ಕೆ ಹೋಗಬಹುದು. ಊರಲ್ಲಿ ಜನ ಫೋನ್ ಮಾಡೋದೇ ಒಣಮರಕ್ಕೆ."

ಬುಟ್ಟಿಯಿರುವ ಲಿಫ್ಟ್ ಗಾಡಿ ತರಿಸಿದರೆ ಮರ ಮುಟ್ಟದೆಯೇ ಕಡಿಯಬಹುದಲ್ಲ ಎಂದು ಜನೀನ್ ಕೇಳಿದಳು. ತರಿಸಬಹುದು, ಅದರ ಬಾಡಿಗೆಯಲ್ಲೇ ಸಾವಿರದ ಒಂಬೈನೂರು ಮುಗಿದುಹೋಗುತ್ತದೆ ಎಂದು ಕ್ರೇಗ್ ತಟ್ಟೆ ನೋಡುತ್ತ ಹೇಳಿದ. ಹಾಗಾದರೆ ನಾಳೆಯೇ ಹೋಗಿ ರೇಟು ಹೆಚ್ಚಿಸಿ ಬಾ ಎಂದಳು. ಇಬ್ಬರು ಗಂಡಸರೂ ಅವಳ ಕಡೆ ನೋಡಿದರು.

"ಕೈ ಕುಲುಕಿದ್ದಾನೆ ಕಣಮ್ಮ," ಎಂದ ಮರ್ವ್. ದನಿ ಏರಿರಲಿಲ್ಲ. "ಹೇಳೋ ಮೊದಲು ಯೋಚಿಸಬೇಕಿತ್ತು. ಹೇಳಿದ ಮೇಲೆ ಮಾಡಬೇಕು."

"ಈಗ ತಾನೇ ಹತ್ತಬಾರದು ಅಂದ್ರಲ್ಲ ಮರ್ವ್?"

"ಅದೂ ಅಂದೆ, ಇದೂ ಅಂದೆ."

ಎರಡೂ ಹೇಗೆ ಸಾಧ್ಯ ಎಂದು ಟೀಗನ್ ಕೇಳಿದಳು. ಜನೀನ್ ತಟ್ಟೆಗಳನ್ನು ಎತ್ತಿಕೊಂಡು ಸಿಂಕಿಗೆ ಹಾಕಿದಳು. ಸದ್ದು ಬೇಕಂತಲೇ ಜೋರಾಗಿ ಬಂತು.

ಮರುದಿನ ಪಾಳಿ ಮುಗಿಸಿ ಅವಳು ನೇರ ದಿಣ್ಣೆಗೆ ಹೋದಳು. ಹತ್ತಿರದಿಂದ ನೋಡಿದರೆ ಮರ ಇನ್ನೂ ದೊಡ್ಡದಿತ್ತು. ತೊಗಟೆ ಉದುರಿ ಬೆಳ್ಳಗೆ ನಿಂತಿತ್ತು. ಬುಡದ ಒಂದು ಮಗ್ಗುಲಲ್ಲಿ ತಟ್ಟೆಯಗಲದ ಅಣಬೆಗಳು ಎದ್ದಿದ್ದವು. ಆಳೆತ್ತರದಲ್ಲಿ ಮುಷ್ಟಿಯಿಂದ ಗುದ್ದಿ ನೋಡಿದಳು, ಗಟ್ಟಿಯಾಗೇ ಇದೆ ಅನ್ನಿಸಿತು. ಇನ್ನೊಂದು ಮಗ್ಗುಲಿಗೆ ಹೋಗಿ ಗುದ್ದಿದಳು, ಒಳಗೆ ಪೊಳ್ಳು ಸದ್ದು ಬಂತು. ಗಾಳಿ ಅಷ್ಟೇನೂ ಇರಲಿಲ್ಲ, ಆದರೂ ತುದಿಯಲ್ಲೆಲ್ಲೋ ಕೊಂಬೆಗೆ ಕೊಂಬೆ ತಿಕ್ಕಿ ಕಿರುಗುಟ್ಟುತ್ತಿತ್ತು. ಅವಳಿಗೆ ಅಲ್ಲಿ ನಿಲ್ಲಲೇ ಭಯವಾಯಿತು.

ಡೆನ್‌ಹ್ಯಾಮ್ ಬಾಗಿಲು ತೆರೆದು ಒಳಗೆ ಕರೆದ, ಚಹಾ ಮಾಡಿದ. ಕೆಟ್ಟವನಲ್ಲ. ಪ್ರತಿಯೊಂದನ್ನೂ ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳುವ ಜಾತಿ. ಲಿಫ್ಟ್ ಗಾಡಿಯಿಲ್ಲದೆ ಈ ಕೆಲಸ ಆಗುವುದಿಲ್ಲ, ಅದೂ ಸೇರಿ ನಾಲ್ಕು ಸಾವಿರದ ಎಂಟುನೂರು ಆಗುತ್ತದೆ ಎಂದು ಜನೀನ್ ಹೇಳಿದಳು. ಪಕ್ಕದ ಪಟ್ಟಣವಾದ ಟ್ರಾರಾಲ್ಗನ್ನಿನ ಬಾಡಿಗೆ ಅಂಗಡಿಗೆ ಬೆಳಿಗ್ಗೆಯೇ ಫೋನು ಮಾಡಿ ವಿಚಾರಿಸಿದ್ದಳು, ಬಾಯಿಗೆ ಬಂದ ರೇಟಲ್ಲ ಅದು.

"ನಿಮ್ಮ ಯಜಮಾನರು ಕೈ ಕುಲುಕಿದ್ರಲ್ಲಮ್ಮ," ಎಂದ ಡೆನ್‌ಹ್ಯಾಮ್.

"ಕುಲುಕಿದ್ರು. ತಪ್ಪು ಮಾಡಿದ್ರು. ಮರ ಒಳಗೆ ಕೊಳೆತಿದೆ."

"ಮರ ನೋಡಿದ ಮೇಲೇ ಅಲ್ವಾ ಅವರು ರೇಟು ಹೇಳಿದ್ದು?"

ಬುಡ ನೋಡಿದರು, ಮರ ನೋಡಲಿಲ್ಲ ಎಂದು ಗಂಡನ ಮಾನ ಕಳೆಯಲು ಅವಳಿಗೆ ಮನಸ್ಸು ಬರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದು ಅವನು ಮರ್ಯಾದೆಯಿಂದಲೇ ಗೇಟಿನವರೆಗೆ ಬಂದು ಕಳಿಸಿದ.

ಯೋಚಿಸಿ ಅವನು ಫೋನು ಮಾಡಿದ್ದು ಕ್ರೇಗ್‌ಗೆ. ಅಂದು ಸಂಜೆ ಹೊಸ್ಕಿಂಗ್ ಮನೆಯಲ್ಲಿ ಕುರಿಮಾಂಸದ ಸಾರು ಒಲೆಯ ಮೇಲೇ ಆರಿತು. ಊರವರ ಮುಂದೆ ನನ್ನನ್ನು ಏನು ಮಾಡಿಟ್ಟೆ, ಹೆಂಡತಿ ಹೇಳಿದಂತೆ ರೇಟು ಬದಲಾಯಿಸುವವನು ಅಂತ ಇನ್ನು ಯಾರು ಕೆಲಸ ಕೊಡುತ್ತಾರೆ ಎಂದು ಕ್ರೇಗ್ ಕೂಗಾಡಿದ. ಜನೀನ್ ಕೂಡ ಬಿಡಲಿಲ್ಲ. ಆರು ತಿಂಗಳಲ್ಲಿ ಒಂದು ಕೆಲಸಕ್ಕಾದರೂ ಸರಿಯಾದ ರೇಟು ಹೇಳಿದ್ದೀಯಾ, ಡೀಸೆಲಿಗೆ ನನ್ನ ಸಂಬಳ ಸುರಿಯುತ್ತಿದ್ದೀನಿ, ಅದನ್ನು ಹೊಟ್ಟೆಗೆ ಹಾಕಿಕೊಂಡೆ, ಇದನ್ನು ಹಾಕಿಕೊಳ್ಳುವುದಿಲ್ಲ ಎಂದಳು.

"ನೀನು ಬುಡ ಅಪ್ಪಿ ರೇಟು ಹೇಳ್ತೀಯ. ಬೀಳೋದು ಮೇಲಿಂದ ಕಣೋ," ಎಂದಳು ಕೊನೆಗೆ. ಅವಳಿಗೆ ಅಳು ಬಂದಿತ್ತು, ಅದಕ್ಕೇ ದನಿ ಇನ್ನೂ ಒರಟಾಯಿತು.

ಮರ್ವ್ ತನ್ನ ತಟ್ಟೆ ಎತ್ತಿಕೊಂಡು ಕೋಣೆಗೆ ಹೋದ. ಅಂದಿನಿಂದ ಅಲ್ಲೇ ಊಟ. ಬೆಳಗಿನ ಚಹಾವನ್ನೂ ಟೀಗನ್ ಕೊಟ್ಟರೆ ಕುಡಿಯುವನು, ಸೊಸೆ ತಂದಿಟ್ಟರೆ ಹಾಗೇ ಆರಲು ಬಿಡುವನು. ಹೊಸ್ಕಿಂಗ್ ಮನೆಯ ಮಾತು ಮುರಿದವಳು ಎಂದು ಅವನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜನೀನ್ ಎರಡು ಮಾತು ತಿರುಗಿಸಿ ಕೊಟ್ಟು ಹಗುರಾಗುತ್ತಿದ್ದಳು. ಕ್ರೇಗ್ ಮಾತ್ರ ದಿನ ಕಳೆದಂತೆ ಮೆತ್ತಗಾದ. ಡೆನ್‌ಹ್ಯಾಮ್ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ತಿಳಿಸಿದಾಗ ಬೇಜಾರು ಮಾಡಿಕೊಂಡಂತೆ ಮುಖ ಮಾಡಿದ, ಆದರೆ ಅಂದು ಅವನು ಎರಡು ಸಲ ಸಾರು ಹಾಕಿಸಿಕೊಂಡದ್ದನ್ನು ಜನೀನ್ ಗಮನಿಸಿದಳು. ಅವನಿಗೂ ಆ ಮರದ ಭಯವಿತ್ತು. ಗೆದ್ದೆ ಎಂದು ಅವಳು ಅಂದುಕೊಂಡಳು.

ಆಗಸ್ಟಿನ ಗಾಳಿ ಶುರುವಾಯಿತು. ಒಂದು ಶುಕ್ರವಾರ ಟೀಗನ್ ಬೇಕರಿಯಿಂದ ಮಿಕ್ಕ ಪೈಗಳ ಜೊತೆ ಸುದ್ದಿಯನ್ನೂ ತಂದಳು. ವೇಡ್ ಮಧ್ಯಾಹ್ನ ಬಂದು ಎಲ್ಲರಿಗೂ ಕೇಳುವಂತೆ ಹೇಳಿಕೊಂಡನಂತೆ, ದಿಣ್ಣೆಯ ಒಣಮರ ತನಗೆ ಸಿಕ್ಕಿದೆ, ಸಾವಿರದ ಏಳುನೂರಕ್ಕೆ, ನಾಳೆ ಬೆಳಿಗ್ಗೆ ಕೆಲಸ.

ವೇಡ್ ಹೊರಗಿನವನಲ್ಲ. ಮಿಲ್ಲಿನ ಕಾಲದಿಂದ ಕ್ರೇಗ್ ಜೊತೆ ಒಂದೇ ತಂಡದಲ್ಲಿದ್ದವನು. ಕ್ರೇಗ್‌ಗೆ ಕೆಲಸ ಸಿಕ್ಕಾಗೆಲ್ಲ ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದವನೂ ಅವನೇ. ಕ್ರೇಗ್‌ನ ಕೆಲಸಗಳಲ್ಲಿ ಲಾಭವಿರಲಿಲ್ಲವಾದ್ದರಿಂದ ವೇಡ್‌ನ ಕೂಲಿಯೂ ಆಗೊಮ್ಮೆ ಈಗೊಮ್ಮೆ. ಮನೆಯಲ್ಲಿ ಹಸುಗೂಸು. ಹೊಸ ಹಗ್ಗ ಕೊಂಡು ತಾನೇ ಶುರು ಮಾಡಿದ್ದ.

ಜನೀನ್ ಆ ಕ್ಷಣವೇ ಫೋನು ಮಾಡಿದಳು. ಮರ ಒಂದು ಮಗ್ಗುಲು ಪೂರಾ ಪೊಳ್ಳು, ಅಣಬೆ ಎದ್ದಿದೆ, ಲಿಫ್ಟ್ ಗಾಡಿ ಇಲ್ಲದೆ ಮುಟ್ಟಬೇಡ ಎಂದಳು. ಆ ಕಡೆಯಿಂದ ನಗು ಕೇಳಿಸಿತು.

"ಈಗ ಎಷ್ಟಕ್ಕೆ ಇಳಿದ್ರಿ ಜನೀನ್? ಸಾವಿರದ ಆರುನೂರು?"

"ವೇಡ್, ನಂಗೆ ಆ ಕೆಲಸ ಬೇಡ. ಆಣೆ ಮಾಡಿ ಹೇಳ್ತೀನಿ."

"ಬೇಡ ಅಂದ್ರೆ ಬಿಡಿ ಮತ್ತೆ. ನಿಮ್ಮ ರೇಟು ನೀವು ಹೇಳಿದ್ರಿ, ನನ್ನ ರೇಟು ನಾನು ಹೇಳ್ದೆ."

ಜೊತೆಗೆ ಯಾರಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ, ಸಾವಿರದ ಏಳುನೂರರಲ್ಲಿ ಇನ್ನೊಬ್ಬನಿಗೆ ಎಲ್ಲಿಂದ ಕೊಡಲಿ ಎಂದು ಫೋನಿಟ್ಟ.

ಡೆನ್‌ಹ್ಯಾಮ್‌ಗೂ ಮಾಡಿದಳು. ನಿಮ್ಮ ಕಳಕಳಿ ಅರ್ಥವಾಗುತ್ತದಮ್ಮ, ಆದರೆ ಮಾತಾಗಿಹೋಗಿದೆ ಎಂದು ಅವನು ಹೇಳಿದ. ತನ್ನ ಬಾಯಿಂದ ಬರುವ ನಿಜಕ್ಕೆ ಇನ್ನು ಬೆಲೆಯಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಕೆಲಸ ಕಳೆದುಕೊಂಡವರು ಆಡುವ ಮಾತೇ ಹಾಗೆ ಎಂದುಕೊಂಡುಬಿಡುತ್ತಾರೆ.

ಶನಿವಾರ ಬೆಳಿಗ್ಗೆ, ಎಷ್ಟೋ ದಿನಗಳ ನಂತರ, ಮರ್ವ್ ಅಡಿಗೆಮನೆಗೆ ಬಂದು ತನ್ನ ಹಳೆಯ ಜಾಗದಲ್ಲಿ ಕುಳಿತ. ಬೂಟಿಗೆ ದಿಣ್ಣೆಯ ಕೆಂಪುಮಣ್ಣು ಮೆತ್ತಿತ್ತು. ಟೀಗನ್ ಹೇಳಿದ್ದು ಅವನಿಗೂ ತಿಳಿದಿತ್ತು. ಬೆಳಕು ಹರಿಯುವಾಗಲೇ ನಡೆದುಕೊಂಡು ಹೋಗಿ, ಕೊಡಲಿಯ ಹಿಂಭಾಗದಿಂದ ಬಡಿದು ಸುತ್ತು ಹಾಕಿ ಬಂದಿದ್ದ. ಜನೀನ್ ಅವನ ಮುಂದೆ ಚಹಾ ಇಟ್ಟಳು. ಅವನು ಕುಡಿದ.

"ನೀನು ಹೇಳಿದ್ದೇ ಸರಿ," ಎಂದ.

ಅವಳು ಇಷ್ಟು ದಿನ ಕಾದಿದ್ದ ಮಾತು ಸಿಕ್ಕಿತ್ತು. ಆದರೆ ಮರ್ವ್ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮಗನ ಕಡೆ ತಿರುಗಿ, ವೇಡ್ ಒಬ್ಬನೇ ಇದ್ದಾನೆಯೇ ಎಂದು ಕೇಳಿದ. ಹೌದು ಎಂದ ಕ್ರೇಗ್, ಆಗಲೇ ಕುರ್ಚಿ ಹಿಂದಕ್ಕೆ ತಳ್ಳಿದ್ದ. ಕಾಡಿನಲ್ಲಿ ಒಣಮರದ ಕೆಳಗೆ ಯಾರೋ ಒಬ್ಬನೇ ಇದ್ದಾನೆ ಎಂದು ಕೇಳಿದರೆ, ಯಾವ ತಂಡದವನೇ ಆಗಲಿ, ತನ್ನ ಗರಗಸ ಆರಿಸಿ ಹೋಗಿ ಪಕ್ಕದಲ್ಲಿ ನಿಲ್ಲಬೇಕು. ಹೋಗದವನ ಜೊತೆ ಆಮೇಲೆ ಯಾರೂ ಕೆಲಸ ಮಾಡುವುದಿಲ್ಲ. ಇದನ್ನು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಜನೀನ್‌ಗೂ ಅಷ್ಟೆ, ಅವಳ ತಂದೆಯೂ ಮಿಲ್ಲಿನವನೇ.

ಆದರೂ ಅವಳು ಬಾಗಿಲಿಗೆ ಅಡ್ಡ ನಿಂತಳು. "ಎಷ್ಟಕ್ಕೆ ಹೋಗ್ತಿದ್ದೀಯ?"

"ಇದಕ್ಕೆಲ್ಲ ರೇಟಿಲ್ಲಮ್ಮ," ಎಂದ ಮರ್ವ್.

"ದುಡ್ಡು ಬಂದ್ರೂ ಹತ್ತಬಾರದು ಅಂತ ನಾನು ಮನೆಮಂದಿಯ ಕೈಲೆಲ್ಲ ಬೈಸಿಕೊಂಡೆ. ಈಗ ಬಿಟ್ಟಿ ಹತ್ತೋಕೆ ಕಳಿಸ್ತೀರಾ?"

"ಹತ್ತೋದಿಲ್ಲ ಕಣೇ," ಎಂದ ಕ್ರೇಗ್. ಅವಳ ಹೆಗಲು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ. "ಕೆಳಗೆ ನಿಂತ್ಕೋತೀನಿ, ಅಷ್ಟೆ. ಆಗಲ್ಲ ಅಂದ್ರೆ ಅವನ ಕಿವಿ ಹಿಡಿದು ಇಳಿಸ್ತೀನಿ. ಊಟಕ್ಕೆ ಬಂದ್ಬಿಡ್ತೀನಿ."

ಅಪ್ಪ ಮಗ ಟ್ರಕ್ಕಿನಲ್ಲಿ ಹೋದರು. ಜನೀನ್ ಕುರಿಯ ತೊಡೆಯನ್ನು ಓವನ್ನಿಗಿಟ್ಟಳು, ಕುಂಬಳಕಾಯಿ ಹೆಚ್ಚಿದಳು. ತೊರೆಯಾಚೆಯ ಗರಗಸದ ಸದ್ದು ಕಿಟಕಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಅರ್ಧ ಆಯುಷ್ಯವನ್ನೇ ಆ ಸದ್ದಿನಲ್ಲಿ ಕಳೆದವಳಿಗೆ ಅದರ ಗುಟ್ಟು ಗೊತ್ತು. ಮೊದಲು ಬಂದದ್ದು ವೇಡ್‌ನ ಕೈಯ ಸದ್ದು, ಅನುಮಾನದಲ್ಲಿ ಎಳೆದೆಳೆದು ನಿಲ್ಲುವುದು. ಅದು ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಇಳಿಸಿದರು, ಬುದ್ಧಿ ಬಂತು ಎಂದು ಅವಳು ಉಸಿರು ಬಿಟ್ಟಳು. ಆಮೇಲೆ ಮತ್ತೆ ಶುರುವಾಯಿತು. ಈ ಸಲ ಸದ್ದು ಒಂದೇ ಸಮನಾಗಿತ್ತು, ಹಿಂಜರಿಕೆಯಿಲ್ಲದ್ದು. ಅದು ಯಾರ ಕೈ ಎಂದು ಅವಳಿಗೆ ಕಿಟಕಿಯ ಬಳಿ ಹೋಗದೆಯೇ ಗೊತ್ತಾಯಿತು. ಚಾಕು ಅಲ್ಲೇ ಬಿಟ್ಟು ಕಾರಿನ ಬೀಗದಕೈ ಹುಡುಕಿದಳು. ಟೀಗನ್‌ನ ಕೋಟಿನ ಜೇಬಿನಲ್ಲಿದ್ದ ಅದು ಸಿಗುವ ಹೊತ್ತಿಗೆ ಸದ್ದು ನಿಂತುಹೋಗಿತ್ತು. ಅದರ ಹಿಂದೆಯೇ ನೆಲ ಅದುರಿದ್ದು ಅಡಿಗೆಮನೆಯ ಲೋಟಗಳಿಗೂ ತಿಳಿಯಿತು.

ನಡೆದದ್ದು ಇಷ್ಟು. ವೇಡ್ ಅರ್ಧದವರೆಗೆ ಹತ್ತಿ ಹೆದರಿ ಇಳಿದುಬಿಟ್ಟಿದ್ದ. ಆದರೆ ಇಳಿಯುವ ಮೊದಲು ಮೇಲಿನ ದೊಡ್ಡ ಕವಲಿಗೆ ಅರ್ಧ ಕಚ್ಚು ಹಾಕಿಬಿಟ್ಟಿದ್ದ, ಅದು ಡೆನ್‌ಹ್ಯಾಮ್‌ನ ಮಲಗುವ ಕೋಣೆಯ ಮೇಲೆ ಜೋಲುತ್ತಿತ್ತು, ಗಾಳಿ ಏರುತ್ತಿತ್ತು. ಅದನ್ನು ಹಾಗೆ ಬಿಟ್ಟು ಬರುವಂತಿರಲಿಲ್ಲ. ಅದೊಂದೇ ಕಚ್ಚು ಮುಗಿಸಿ ಇಳಿಯುತ್ತೇನೆ ಎಂದು ಕ್ರೇಗ್ ಹತ್ತಿದ. ಮರ್ವ್ ಬೇಡ ಎಂದನಂತೆ, ಆಮೇಲೆ ಹಗ್ಗ ಹಿಡಿದು ನಿಂತನಂತೆ. ಕವಲು ಸರಿಯಾಗಿಯೇ ಬಿತ್ತು. ಅದು ಬಿದ್ದ ರಭಸಕ್ಕೆ ಕಾಂಡವೇ ನಡುವಿನ ಪೊಳ್ಳಿನಲ್ಲಿ ಮುರಿದು, ತನಗೆ ಕಟ್ಟಿಕೊಂಡಿದ್ದವನನ್ನೂ ಕೆಳಗೆ ತಂದಿತು.

ಹೆಲಿಕಾಪ್ಟರಿನಲ್ಲಿ ಮೆಲ್ಬರ್ನಿಗೆ ಒಯ್ದರು. ಜೀವ ಉಳಿಯಿತು. ಸೊಂಟದಿಂದ ಕೆಳಗೆ ಏನೂ ತಿಳಿಯುವುದಿಲ್ಲ, ಇನ್ನು ತಿಳಿಯುವುದೂ ಇಲ್ಲ ಎಂದು ಡಾಕ್ಟರು ಹೇಳಿದಾಗ ಜನೀನ್ ಸರಿಹೋಗಲು ಎಷ್ಟು ವರ್ಷ ಬೇಕಾಗಬಹುದು ಎಂದು ಕೇಳಿದಳು. ಡಾಕ್ಟರು ಮತ್ತೆ ಹೇಳಬೇಕಾಯಿತು. ವಿಮೆಯ ಕಂಪನಿಯವರು ಫೋನಿನಲ್ಲಿ ಬಹಳ ಸಭ್ಯವಾಗಿ ಕೇಳಿದ್ದು ಒಂದೇ ಪ್ರಶ್ನೆ, ಆ ಕೆಲಸಕ್ಕೆ ನೀವು ಎಷ್ಟು ರೇಟು ಹೇಳಿದ್ದಿರಿ? ರೇಟೇ ಹೇಳದ ಕೆಲಸ ಧಂದೆಯ ಕೆಲಸವಲ್ಲವಂತೆ, ಸ್ನೇಹಿತನಿಗೆ ಮಾಡಿದ ಉಪಕಾರವಂತೆ, ಅದು ವಿಮೆಯಲ್ಲಿ ಬರುವುದಿಲ್ಲವಂತೆ. ಮರ್ವ್ ಪಕ್ಕದಲ್ಲೇ ಕುಳಿತು, ಕೇಳುವ ಕಿವಿಗೆ ಅಂಗೈ ಹಿಡಿದು, ಏನಂತೆ ಏನಂತೆ ಎಂದು ಕೇಳುತ್ತಿದ್ದ. ಅವಳು ಹೇಳಲಿಲ್ಲ. ಮುದುಕ ಆ ವಾರದಲ್ಲೇ ಕುಗ್ಗಿಹೋಗಿದ್ದ. ಅವನ ಮೇಲೆ ಅವಳಿಗೆ ಸಿಟ್ಟಿತ್ತು, ಕೊಲ್ಲುವಷ್ಟು ಸಿಟ್ಟಿತ್ತು, ಆದರೂ ಅವನ ತಟ್ಟೆಗೆ ಮಾಂಸವನ್ನು ಸಣ್ಣಗೆ ಕೊಯ್ದು ಹಾಕುತ್ತಿದ್ದಳು.

ಮೂರು ವಾರವಾದ ಮೇಲೆ ಒಂದು ಮಧ್ಯಾಹ್ನ ಡೆನ್‌ಹ್ಯಾಮ್ ಬಂದ. ಕೈಯಲ್ಲಿ ತಾನೇ ಮಾಡಿದ ಕೇಕು. ಟೀಗನ್ ಅವನನ್ನು ನೋಡಿ ಎದ್ದು ಒಳಗೆ ಹೋದಳು. ಕ್ರೇಗ್ ಹೇಗಿದ್ದಾನೆ ಎಂದು ಕೇಳಿದ. ನಿದ್ದೆ ಬರುವುದಿಲ್ಲ ನನಗೆ ಎಂದ. ಅದು ಸುಳ್ಳಲ್ಲ, ಅವನ ಕಣ್ಣು ನೋಡಿದರೇ ತಿಳಿಯುತ್ತಿತ್ತು. ಜನೀನ್ ಕೇಕು ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಅವನು ಹೋಗಲಿಲ್ಲ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಬಾಗಿಲಲ್ಲೇ ನಿಂತ.

"ಇದನ್ನ ಕೇಳೋಕೆ ನನಗೆ ಬಾಯಿ ಬರ್ತಿಲ್ಲ," ಎಂದ. "ಉಳಿದರ್ಧ ಮರ ಹಾಗೇ ನಿಂತಿದೆ. ಮಂಗಳವಾರ ಮತ್ತೆ ದೊಡ್ಡ ಗಾಳಿ ಇದೆಯಂತೆ. ವೇಡ್ ಫೋನ್ ಎತ್ತಲ್ಲ. ಬೇರೆ ಯಾರ ಹತ್ತಿರಾನೂ ಕೇಳೋಕೆ ನನಗೆ ಮನಸ್ಸಿಲ್ಲಮ್ಮ. ಅದಕ್ಕೆ ಎಷ್ಟಾಗುತ್ತೆ?"

ಮೇಜಿನ ಬಳಿ ಕುಳಿತಿದ್ದ ಮರ್ವ್ ತಲೆಯೆತ್ತಿ ಸೊಸೆಯನ್ನು ನೋಡಿದ. ಈ ಮನೆಯಲ್ಲಿ ಇನ್ನು ರೇಟು ಹೇಳುವವಳು ಅವಳೇ ಎಂಬುದು ಆ ನೋಟದಲ್ಲಿತ್ತು. ಟ್ರಕ್ಕು ಹೊರಗೆ ನಿಂತಿತ್ತು, ಅದರ ಕಂತು ಇನ್ನೂ ಇತ್ತು. ಬಾಡಿಗೆಗೆ ಹತ್ತುವವರು ಟ್ರಾರಾಲ್ಗನ್ನಿನಲ್ಲಿ ಸಿಗುತ್ತಿದ್ದರು. ಕ್ರೇಗ್‌ನ ಗಾಲಿಕುರ್ಚಿಗೆ ಬಾಗಿಲುಗಳನ್ನು ಅಗಲ ಮಾಡಿಸಬೇಕಿತ್ತು.

"ನಾಲ್ಕು ಸಾವಿರದ ಎಂಟುನೂರು," ಎಂದಳು ಜನೀನ್, ಅಂದು ಹೇಳಿದ್ದ ರೇಟನ್ನೇ. "ಲಿಫ್ಟ್ ಗಾಡಿ ಸೇರಿ."

"ಆಗಲಿ," ಎಂದ ಡೆನ್‌ಹ್ಯಾಮ್, ತಕ್ಷಣ. ಒಂದು ಮಾತು ಹೆಚ್ಚಿಲ್ಲ, ಒಂದು ಡಾಲರು ಕಮ್ಮಿ ಮಾಡಿ ಎನ್ನಲಿಲ್ಲ. ಕೈ ಮುಂದೆ ಚಾಚಿದ.

ಅವಳು ಆ ಕೈಯನ್ನು ನೋಡುತ್ತ ನಿಂತಳು. ಅವನು ಚೌಕಾಸಿ ಮಾಡಿದ್ದರೆ ಎಷ್ಟೋ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.